ಒಂದೇ ಚರ್ಚು, ಇಬ್ಬರ ಖರ್ಚು: ಇಂಗ್ಲೆಂಡಿನ ಹಳೇ ಹಳ್ಳಿ ಚರ್ಚುಗಳನ್ನು ಕಟ್ಟಿದ್ದು ಹೇಗೆ?

ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಹೊರಟ ನಮ್ಮವರು ವಕೀಲರು ಕಳಿಸಿದ ಪಟ್ಟಿ ನೋಡುವಾಗ ಒಂದು ಸಾಲಿನಲ್ಲಿ ನಿಂತುಬಿಡುತ್ತಾರೆ: ‘ಚಾನ್ಸೆಲ್ ರಿಪೇರಿ ಸರ್ಚ್’. ಅದಕ್ಕೊಂದು ಫೀಸು ಬೇರೆ. ಕೊಳ್ಳುತ್ತಿರುವ ಜಾಗದ ಮೇಲೆ ಅಲ್ಲಿನ ಹಳೇ ಚರ್ಚಿನ ಒಂದು ಭಾಗವನ್ನು ರಿಪೇರಿ ಮಾಡಿಸಿಕೊಡುವ ಹೊಣೆ ಇದೆಯಾ ಎಂದು ಹುಡುಕುವ ತಪಾಸಣೆ ಅದು. ನೀವು ಕ್ರೈಸ್ತರಾಗಿರಬೇಕಿಲ್ಲ. ಆ ಚರ್ಚಿನ ಮೆಟ್ಟಿಲು ಹತ್ತಿರಲೂಬೇಕಿಲ್ಲ. ಹೊಣೆ ಇರುವುದು ಮನುಷ್ಯನ ಮೇಲಲ್ಲ, ಜಮೀನಿನ ಮೇಲೆ.

ಸುಮ್ನೆ ಹೆದರಿಸುವ ಮಾತು ಇದಲ್ಲ. ವಾರಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಒಬ್ಬ ದಂಪತಿಗೆ ಮನೆತನದಿಂದ ಜಮೀನು ಬಂದಿತ್ತು. 1990ರ ದಶಕದಲ್ಲಿ ಊರಿನ ಚರ್ಚು ಅವರಿಂದ 95,000 ಪೌಂಡ್‌ಗೂ ಜಾಸ್ತಿ ಕೇಳಿತು. ಕೇಸು ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. 2003ರಲ್ಲಿ ದಂಪತಿ ಸೋತರು. ಕೊನೆಗೆ ನಿಗದಿಯಾದ ರಿಪೇರಿ ಮೊತ್ತ ಸುಮಾರು 1,87,000 ಪೌಂಡ್. ಅವರ ಜಮೀನಿಗೆ ಈ ಹೊಣೆ ಅಂಟಿಕೊಂಡಿದ್ದು 1743ರಲ್ಲಿ ಆದ ಒಂದು ಭೂಮಿ ಹಂಚಿಕೆಯಿಂದ! ಈಗ ನಿಯಮ ಸ್ವಲ್ಪ ಸಡಿಲವಾಗಿದೆ. 2013ರ ಅಕ್ಟೋಬರ್ ನಂತರ ಭೂದಾಖಲೆಯಲ್ಲಿ ನೋಂದಾಯಿಸದ ಹೊಣೆ ಹೊಸದಾಗಿ ದುಡ್ಡು ಕೊಟ್ಟು ಕೊಂಡವರಿಗೆ ಸಾಮಾನ್ಯವಾಗಿ ಅಂಟುವುದಿಲ್ಲ. ಆದರೂ ವಕೀಲರು ತಪಾಸಣೆ ಬಿಟ್ಟಿಲ್ಲ.

ಇಲ್ಲಿ ಗಮನಿಸಬೇಕಾದ ಮಾತು ‘ಒಂದು ಭಾಗ’ ಎಂಬುದು. ಇಡೀ ಚರ್ಚಿಗಲ್ಲ, ಚಾನ್ಸೆಲ್ ಎಂಬ ಪೂರ್ವ ತುದಿಯ ಕೋಣೆಗೆ ಮಾತ್ರ ಈ ಹೊಣೆ. ಯಾಕೆ ಹಾಗೆ? ಇದೊಂದು ಗೊತ್ತಾದರೆ ಆ ಕಟ್ಟಡದಲ್ಲಿ ಕಾಣುವ ಮುಕ್ಕಾಲು ಪಾಲು ಸಂಗತಿ ತಾನಾಗಿ ಅರ್ಥವಾಗುತ್ತದೆ.

ಮೊದಲು ಪ್ಯಾರಿಷ್ ಅಂದರೆ ಏನು?

ಒಬ್ಬ ಪಾದ್ರಿಯ ಉಸ್ತುವಾರಿಗೆ ಸೇರಿದ ಊರು ಮತ್ತು ಅದರ ಸುತ್ತಲಿನ ಹೊಲಗದ್ದೆ, ಇಷ್ಟು ಸೇರಿದರೆ ಒಂದು ಪ್ಯಾರಿಷ್. ಅದರ ಚರ್ಚೇ ಪ್ಯಾರಿಷ್ ಚರ್ಚು. ಬಿಷಪ್ ಕೂರುವ ಕೆಥೆಡ್ರಲ್ ಬೇರೆ, ಸನ್ಯಾಸಿಗಳ ಮಠ ಬೇರೆ. ಪ್ಯಾರಿಷ್ ಚರ್ಚು ಊರಿನದು. ಮಗುವಿಗೆ ಜ್ಞಾನಸ್ನಾನ, ಮದುವೆ, ಮಣ್ಣು ಎಲ್ಲವೂ ಅಲ್ಲೇ.

ಖರ್ಚಿಗೆ ದುಡ್ಡು ಎಲ್ಲಿಂದ? ಪ್ಯಾರಿಷ್‌ನ ಪ್ರತಿಯೊಬ್ಬ ರೈತನೂ ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡಬೇಕಿತ್ತು. ಧಾನ್ಯ, ಉಣ್ಣೆ, ಹಂದಿಮರಿ, ಏನಿದ್ದರೂ ಸರಿ. ಈ ಪಾಲು ಪಡೆಯುವ ಹಕ್ಕುದಾರನಿಗೆ ರೆಕ್ಟರ್ ಎನ್ನುತ್ತಿದ್ದರು. 13ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಪದ್ಧತಿ ಗಟ್ಟಿಯಾಯಿತು. ಪೂಜೆ ನಡೆಯುವ ಪೂರ್ವದ ಕೋಣೆಯ ದುರಸ್ತಿ ರೆಕ್ಟರ್‌ನದು, ಜನ ನಿಲ್ಲುವ ದೊಡ್ಡ ಭಾಗದ ದುರಸ್ತಿ ಊರಿನವರದು.

ಎಷ್ಟೋ ಕಡೆ ಈ ರೆಕ್ಟರ್ ಹಕ್ಕು ದೊಡ್ಡ ಮಠಗಳ ಕೈಯಲ್ಲಿತ್ತು. ಎಂಟನೇ ಹೆನ್ರಿ 1536ರಿಂದ 1540ರೊಳಗೆ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ಮಾರಿದ. ಹಕ್ಕು, ಅದರ ಜೊತೆಗಿದ್ದ ರಿಪೇರಿ ಹೊಣೆ, ಎರಡೂ ಸಾಮಾನ್ಯ ಜಮೀನ್ದಾರರ ಪಾಲಾದವು. ಮುಂದೆ ಬೆಳೆಯ ಪಾಲಿನ ಬದಲಿಗೆ ಜಮೀನನ್ನೇ ಬಿಟ್ಟುಕೊಡುವ ಏರ್ಪಾಡುಗಳಾದವು. ಆಗ ಹೊಣೆ ಆ ಜಮೀನಿಗೆ ಅಂಟಿತು. ಆಸ್ಟನ್ ಕ್ಯಾಂಟ್ಲೋದಲ್ಲಿ ಆದದ್ದು ಇದೇ.

ಎರಡು ಕೋಣೆ

ಈಗ ಒಳಗೆ ಹೋಗೋಣ. ಎಷ್ಟೇ ದೊಡ್ಡ ಹಳ್ಳಿ ಚರ್ಚಾದರೂ ಅದರ ಮೂಲ ನಕ್ಷೆ ಎರಡೇ ಕೋಣೆ. ಪಶ್ಚಿಮಕ್ಕೆ ಅಗಲವಾದ, ಉದ್ದವಾದ ಒಂದು ಸಭಾಂಗಣ. ಅದು ನೇವ್. ಪೂರ್ವಕ್ಕೆ ಅದಕ್ಕಿಂತ ಸಣ್ಣದಾದ, ಸಾಮಾನ್ಯವಾಗಿ ತಗ್ಗಾದ ಇನ್ನೊಂದು ಕೋಣೆ. ಅದು ಚಾನ್ಸೆಲ್. ಬಲಿಪೀಠ ಇರುವುದು ಅಲ್ಲಿ. ಎರಡರ ನಡುವೆ ಒಂದು ದೊಡ್ಡ ಕಮಾನು.

ನಮ್ಮ ದೇವಸ್ಥಾನದ ನವರಂಗ ಮತ್ತು ಗರ್ಭಗುಡಿಯನ್ನು ನೆನೆಸಿಕೊಂಡರೆ ಈ ಏರ್ಪಾಡು ತಕ್ಷಣ ಹೊಳೆಯುತ್ತದೆ. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ದೇವರು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತಾನೆ. ಅಲ್ಲಿ ಪೂರ್ವಕ್ಕೆ ಮುಖ ಮಾಡುವವರು ಜನ. ಮಧ್ಯಯುಗದಲ್ಲಿ ಪಾದ್ರಿಯೂ ಜನರಿಗೆ ಬೆನ್ನು ತೋರಿಸಿ ಅದೇ ದಿಕ್ಕಿಗೆ ತಿರುಗಿ ಪೂಜೆ ಮಾಡುತ್ತಿದ್ದ.

ಎರಡು ಕೋಣೆಯ ನಡುವೆ ಮರದ ತಡೆ ಇರುತ್ತಿತ್ತು. ಕೆಳಗೆ ಗಟ್ಟಿ ಹಲಗೆ, ಮೇಲೆ ಜಾಲರಿಯಂಥ ಕೆತ್ತನೆ. ಇದಕ್ಕೆ ರೂಡ್ ಸ್ಕ್ರೀನ್ ಎನ್ನುತ್ತಾರೆ. ಅದರ ನೆತ್ತಿಯ ಮೇಲೆ ದೊಡ್ಡ ಶಿಲುಬೆ, ಶಿಲುಬೆಯಲ್ಲಿ ಏಸು, ಒಂದು ಬದಿಗೆ ತಾಯಿ ಮೇರಿ, ಇನ್ನೊಂದು ಬದಿಗೆ ಶಿಷ್ಯ ಯೋವಾನ್ನ. ಅಲ್ಲೇ ಒಂದು ಕಿರಿದಾದ ಅಟ್ಟ. ಹತ್ತಲು ಗೋಡೆಯೊಳಗೇ ಕೊರೆದ ಮೆಟ್ಟಿಲು. ಇವತ್ತು ಅಟ್ಟ ಉಳಿದಿರುವುದು ಬಹಳ ಅಪರೂಪ. ಆದರೆ ಕಮಾನಿನ ಪಕ್ಕ ಆಳೆತ್ತರದಲ್ಲಿ, ಎಲ್ಲಿಗೂ ಹೋಗದ ಒಂದು ಸಣ್ಣ ಬಾಗಿಲು ಕಂಡರೆ ಅದು ಈ ಅಟ್ಟದ ಬಾಗಿಲು. ಹೋದವರು ತಪ್ಪದೇ ಹುಡುಕಬೇಕಾದ್ದು ಇದು.

ಇಬ್ಬರ ಖರ್ಚು ಅಂದೆನಲ್ಲ, ಅದು ಹೊರಗಿನಿಂದಲೇ ಕಾಣುತ್ತದೆ. ಉಣ್ಣೆ ವ್ಯಾಪಾರದಿಂದ ಊರು ಶ್ರೀಮಂತವಾದಾಗ ಜನ ತಮ್ಮ ನೇವ್ ಅನ್ನು ಕೆಡವಿ ಎತ್ತರವಾಗಿ ಕಟ್ಟಿಸಿಕೊಂಡರು. ದೂರದ ಮಠದಲ್ಲಿ ಕೂತ ರೆಕ್ಟರ್‌ಗೆ ಈ ಊರಿನ ಚಾನ್ಸೆಲ್ ಮೇಲೆ ದುಡ್ಡು ಸುರಿಯುವ ದರ್ದು ಇರಲಿಲ್ಲ. ಹಾಗಾಗಿ ಭರ್ಜರಿ ನೇವ್‌ಗೆ ಇನ್ನೂರು ವರ್ಷ ಹಳೆಯ ಕುಳ್ಳ ಚಾನ್ಸೆಲ್ ಅಂಟಿಕೊಂಡಿರುವುದನ್ನು ಎಷ್ಟೋ ಕಡೆ ನೋಡಬಹುದು. ಎದುರು ಉದಾಹರಣೆಯೂ ಇದೆ. ರೆಕ್ಟರ್ ಸಿರಿವಂತನಾಗಿದ್ದು ಊರು ಬಡವಾಗಿದ್ದರೆ ಚಾನ್ಸೆಲ್ಲೇ ಚೆಂದ.

ಚಾನ್ಸೆಲ್‌ನ ದಕ್ಷಿಣ ಗೋಡೆ

ಒಂದೇ ಗೋಡೆಯನ್ನು ಹತ್ತಿರದಿಂದ ನೋಡಿ ಅಂದರೆ ನಾನು ಈ ಗೋಡೆಯನ್ನೇ ತೋರಿಸುತ್ತೇನೆ. ಬಲಿಪೀಠದ ಬಲಕ್ಕೆ, ಸೊಂಟದ ಎತ್ತರದಲ್ಲಿ ಒಂದು ಗೂಡು. ಗೂಡಿನ ತಳದಲ್ಲಿ ಬೋಗುಣಿಯಂತೆ ಕೊರೆದ ಕಲ್ಲು, ಅದರ ನಡುವೆ ಒಂದು ತೂತು. ಇದು ಪಿಸಿನಾ. ಪೂಜೆಯ ನಂತರ ಪಾದ್ರಿ ಬಟ್ಟಲು ಮತ್ತು ಬೆರಳುಗಳನ್ನು ತೊಳೆದ ನೀರನ್ನು ಇಲ್ಲಿ ಸುರಿಯುತ್ತಿದ್ದ. ಪೂಜೆಯಲ್ಲಿ ಬಟ್ಟಲಿನ ದ್ರಾಕ್ಷಾರಸ ಕ್ರಿಸ್ತನ ರಕ್ತವೇ ಆಗುತ್ತದೆ ಎಂಬ ನಂಬಿಕೆ. ಆದ್ದರಿಂದ ಅದರ ಒಂದು ಹನಿಯೂ ಕಂಡಕಂಡಲ್ಲಿ ಬೀಳಬಾರದು. ತೂತಿನಿಂದ ನೀರು ಗೋಡೆಯೊಳಗೇ ಇಳಿದು ಚರ್ಚಿನ ಪವಿತ್ರ ಮಣ್ಣಿಗೆ ಸೇರುತ್ತಿತ್ತು.

ಅದರ ಪಕ್ಕ ಗೋಡೆಯಲ್ಲೇ ಕೊರೆದ ಮೂರು ಕಲ್ಲಿನ ಆಸನ. ಇವು ಸೆಡಿಲಿಯಾ. ಹಾಡು ಉದ್ದವಾದಾಗ ಪಾದ್ರಿ ಮತ್ತು ಸಹಾಯಕರು ಕೂರಲು. ಅದೇ ಸಾಲಿನಲ್ಲಿ ಒಂದು ಸಣ್ಣ ಬಾಗಿಲು, ಪಾದ್ರಿಯದು. ಊರಿನವರ ಬಾಗಿಲು ಬೇರೆ, ಅದು ನೇವ್‌ನಲ್ಲಿ.

ಪಿಸಿನಾದಿಂದ ಇನ್ನೊಂದು ಉಪಯೋಗವಿದೆ. ನೇವ್‌ನ ಪಕ್ಕದ ಗೋಡೆಯಲ್ಲೆಲ್ಲೋ ಒಂದು ಒಂಟಿ ಪಿಸಿನಾ ಕಂಡರೆ, ಈಗ ಅಲ್ಲಿ ಏನೂ ಇಲ್ಲದಿದ್ದರೂ, ಹಿಂದೆ ಅಲ್ಲೊಂದು ಬಲಿಪೀಠ ಇತ್ತು ಎಂದರ್ಥ. ಹಣವಂತರು ತಾವು ಸತ್ತ ಮೇಲೆ ಆತ್ಮಕ್ಕಾಗಿ ಪೂಜೆ ಮಾಡಿಸಲು ಇಂಥ ಪಕ್ಕದ ಪೀಠಗಳಿಗೆ ದುಡ್ಡು ಬಿಟ್ಟುಹೋಗುತ್ತಿದ್ದರು. 1547ರಲ್ಲಿ ಸರ್ಕಾರ ಇವನ್ನು ರದ್ದು ಮಾಡಿ ಆಸ್ತಿ ಕಿತ್ತುಕೊಂಡಿತು. ಪೀಠ ಹೋಯಿತು, ಗೋಡೆಯ ತೂತು ಉಳಿಯಿತು.

ಊರು ಬೆಳೆದಂತೆ ಚರ್ಚು ಅಗಲವಾಯಿತು

ಮಂದಿ ಹೆಚ್ಚಾದರೆ ಜಾಗ ಸಾಲದು. ಆಗ ನೇವ್‌ನ ಪಕ್ಕಕ್ಕೆ ಒಂದು ಚಾಚು ಕಟ್ಟುತ್ತಿದ್ದರು. ಅದೇ ಐಲ್. ಮೊದಲು ಒಂದು ಬದಿ, ದುಡ್ಡು ಕೂಡಿದ ಮೇಲೆ ಇನ್ನೊಂದು ಬದಿ.

ಕೆಲಸದ ಕ್ರಮ ಜಾಣತನದ್ದು. ಪೂಜೆ ನಿಲ್ಲಿಸುವಂತಿಲ್ಲ, ಚಾವಣಿ ಇಳಿಸಿದರೆ ಖರ್ಚು ಜಾಸ್ತಿ. ಆದ್ದರಿಂದ ಹೊಸ ಐಲ್‌ನ ಗೋಡೆಯನ್ನು ಹೊರಗೆ ಎಬ್ಬಿಸುತ್ತಿದ್ದರು. ಆಮೇಲೆ ಹಳೇ ಗೋಡೆಯ ಮೇಲ್ಭಾಗವನ್ನು ಹಾಗೇ ಉಳಿಸಿಕೊಂಡು, ಕೆಳಭಾಗದಲ್ಲಿ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಕಂಬ ಮತ್ತು ಕಮಾನು ಕೂರಿಸುತ್ತಿದ್ದರು. ಹಾಗಾಗಿ ಕಂಬಸಾಲಿನ ಮೇಲಿನ ಗೋಡೆ ಕಂಬಗಳಿಗಿಂತ ಹಳೆಯದಾಗಿರಬಹುದು! ಅಲ್ಲೊಂದು ಅರ್ಧಕ್ಕೆ ಕತ್ತರಿಸಿದ ಪುಟ್ಟ ಕಿಟಕಿ ಕಂಡರೆ, ಅದು ಐಲ್ ಬರುವ ಮುಂಚೆ ಹೊರಗೋಡೆಯ ಕಿಟಕಿಯಾಗಿತ್ತು.

ಐಲ್ ಬಂದ ಮೇಲೆ ನಡುವಿನ ಭಾಗಕ್ಕೆ ಬೆಳಕು ಕಡಿಮೆಯಾಯಿತು. ಪರಿಹಾರ: ನೇವ್‌ನ ಗೋಡೆಯನ್ನು ಇನ್ನೂ ಎತ್ತರಿಸಿ, ಐಲ್‌ನ ಮಾಡಿಗಿಂತ ಮೇಲೆ ಒಂದು ಸಾಲು ಕಿಟಕಿ ಇಡುವುದು. ಅದಕ್ಕೆ ಕ್ಲಿಯರ್‌ಸ್ಟೋರಿ ಎಂದು ಹೆಸರು. ಗೋಡೆ ಎತ್ತರಿಸಿದಾಗ ಹಳೆಯ ಕಡಿದಾದ ಮಾಡು ತೆಗೆದು, ಸೀಸದ ತಗಡು ಹೊದಿಸಿದ ಚಪ್ಪಟೆ ಚಾವಣಿ ಹಾಕುತ್ತಿದ್ದರು. ಹಳೇ ಮಾಡಿನ ಗುರುತು ಗೋಪುರದ ಪೂರ್ವದ ಮೈಮೇಲೆ ತಲೆಕೆಳಗಾದ ‘ವಿ’ ಆಕಾರದ ಗೆರೆಯಾಗಿ ಉಳಿದುಬಿಡುತ್ತದೆ. ಎಷ್ಟೋ ಚರ್ಚುಗಳಲ್ಲಿ ಈ ಗೆರೆ ನೆಲದಿಂದಲೇ ಕಾಣುತ್ತದೆ.

ಬೆಳೆದದ್ದು ಕುಗ್ಗುವುದೂ ಉಂಟು. ಯಾರ್ಕ್‌ಶೈರ್‌ನ ವಾರಮ್ ಪರ್ಸಿ ಇದಕ್ಕೆ ಒಳ್ಳೆಯ ಸಾಕ್ಷಿ. 1960-70ರ ದಶಕಗಳಲ್ಲಿ ಪುರಾತತ್ವದವರು ಆ ಚರ್ಚಿನ ನೆಲವನ್ನು ಅಗೆದು ನೋಡಿದರು. ಮೊದಲು ಒಂದು ಸಣ್ಣ ಮರದ ಚರ್ಚು, ಆಮೇಲೆ ಕಲ್ಲಿನದು, ಆಮೇಲೆ ದೊಡ್ಡದು, ಆಮೇಲೆ ಎರಡೂ ಬದಿಗೆ ಐಲ್. ಮುಂದೆ ಪ್ಲೇಗ್ ಬಂತು, ಜನ ಕಡಿಮೆಯಾದರು. ಕುರಿ ಮೇಯಿಸಲು ಹೊಲಗಳನ್ನು ಬಳಸಿಕೊಂಡ ಮೇಲೆ 1500ರ ಸುಮಾರಿಗೆ ಊರೇ ಖಾಲಿಯಾಯಿತು. ಐಲ್‌ಗಳನ್ನು ಕೆಡವಿ ಕಮಾನುಗಳಿಗೆ ಕಲ್ಲು ತುಂಬಿ ಮುಚ್ಚಿದರು. ಚಾವಣಿ ಹೋದ ಆ ಗೋಡೆಯಲ್ಲಿ ಮುಚ್ಚಿದ ಕಮಾನುಗಳು ಇವತ್ತಿಗೂ ಎದ್ದು ಕಾಣುತ್ತವೆ.

ಕಲ್ಲು ಎಲ್ಲಿಂದ ಬಂತು?

ಹತ್ತಿರದಿಂದ. ರಸ್ತೆ ಇಲ್ಲದ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಕಲ್ಲು ಸಾಗಿಸುವ ಖರ್ಚು ಕೆಲವೇ ಮೈಲಿ ದಾಟುವುದರೊಳಗೆ ಕಲ್ಲಿನ ಬೆಲೆಯನ್ನೂ ಮೀರಿಬಿಡುತ್ತಿತ್ತು. ಹೀಗಾಗಿ ಕಾಟ್ಸ್‌ವೋಲ್ಡ್ಸ್‌ನ ಚರ್ಚುಗಳು ಜೇನಿನ ಬಣ್ಣದ ಸುಣ್ಣದ ಕಲ್ಲಿನವು. ಕಾರ್ನ್‌ವಾಲ್‌ನವು ಗ್ರಾನೈಟಿನವು.

ನಾರ್ಫೋಕ್‌ನಲ್ಲಿ ಕಟ್ಟಡಕ್ಕೆ ಒಗ್ಗುವ ಕಲ್ಲೇ ಕಡಿಮೆ. ಹೊಲ ಉತ್ತರೆ ಸಿಗುವುದು ಮುಷ್ಟಿ ಗಾತ್ರದ ಚಕಮಕಿ ಕಲ್ಲು. ಅದನ್ನೇ ಸುಣ್ಣದ ಗಾರೆಯಲ್ಲಿ ಹಾಕಿ ದಪ್ಪ ಗೋಡೆ ಎಬ್ಬಿಸಿದರು. ತೊಂದರೆ ಇರುವುದು ಮೂಲೆಯಲ್ಲಿ. ಮೂಲೆ ಗಟ್ಟಿಯಾಗಿ ನಿಲ್ಲಲು ಚೌಕಾಕಾರದ ದೊಡ್ಡ ಕಲ್ಲು ಬೇಕು. ಇಂಗ್ಲೆಂಡಿನಲ್ಲಿ ಉಳಿದಿರುವ ಸುಮಾರು 180 ದುಂಡು ಗೋಪುರದ ಚರ್ಚುಗಳಲ್ಲಿ ನೂರಕ್ಕೂ ಹೆಚ್ಚು ನಾರ್ಫೋಕ್‌ನಲ್ಲೇ ಇವೆ. ಮೂಲೆಯೇ ಇಲ್ಲದಿದ್ದರೆ ಮೂಲೆಗಲ್ಲಿನ ಖರ್ಚೂ ಇಲ್ಲ, ಅದಕ್ಕೇ ದುಂಡಗೆ ಕಟ್ಟಿದರು ಎಂಬುದು ಹಳೆಯ ವಿವರಣೆ. ಬರೀ ಅದೊಂದೇ ಕಾರಣ ಇರಲಾರದು, ಆ ಭಾಗದ ರೂಢಿಯೂ ಇದ್ದೀತು.

ಹಳೇ ಕಟ್ಟಡದ ಕಲ್ಲನ್ನು ಎತ್ತಿ ತರುವುದೂ ಇತ್ತು. ಡರಮ್ ಕೌಂಟಿಯ ಎಸ್ಕಮ್ ಚರ್ಚು 7ನೇ ಶತಮಾನದ ಕೊನೆಯದು. ಹತ್ತಿರದ ರೋಮನ್ ಕೋಟೆಯಿಂದ ಕಲ್ಲು ತಂದು ಕಟ್ಟಿದ್ದಾರೆ ಎನ್ನುತ್ತಾರೆ. ಉತ್ತರದ ಗೋಡೆಯ ಒಂದು ಕಲ್ಲಿನ ಮೇಲೆ ರೋಮನ್ ಸೈನ್ಯದ ಆರನೇ ದಳದ ಹೆಸರು ಕೆತ್ತಿದೆ, ಅದೂ ತಲೆಕೆಳಗಾಗಿ. ಕೂರಿಸಿದವನಿಗೆ ಓದು ಬರುತ್ತಿರಲಿಲ್ಲವೋ, ಓದುವ ಪುರುಸೊತ್ತು ಇರಲಿಲ್ಲವೋ! ಎಸೆಕ್ಸ್‌ನ ಗ್ರೀನ್‌ಸ್ಟೆಡ್‌ನಲ್ಲಿ ಮಾತ್ರ ಕಲ್ಲಿನ ಬದಲು ಮರ. ಓಕ್ ಮರದ ದಿಮ್ಮಿಗಳನ್ನು ಸೀಳಿ ಸಾಲಾಗಿ ನಿಲ್ಲಿಸಿದ ಆ ನೇವ್‌ನ ಗೋಡೆ 11ನೇ ಶತಮಾನದಿಂದ ನಿಂತಿದೆ.

ಕಮಾನು ನೋಡಿ ಕಾಲ ಹೇಳುವುದು

1817ರಲ್ಲಿ ಥಾಮಸ್ ರಿಕ್‌ಮನ್ ಎಂಬಾತ ಇಂಗ್ಲೆಂಡಿನ ಹಳೇ ಚರ್ಚುಗಳನ್ನು ನಾಲ್ಕು ಶೈಲಿಗಳಾಗಿ ವಿಂಗಡಿಸಿದ. ಲೆಕ್ಕ ಬರೆಯುವ ಕೆಲಸದಿಂದ ಕಟ್ಟಡದ ಕಡೆ ಹೊರಳಿದ ಮನುಷ್ಯ ಅವನು. ಆ ಹೆಸರುಗಳೇ ಇಂದಿಗೂ ಚಾಲ್ತಿಯಲ್ಲಿವೆ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಗೆದ್ದವರ ಶೈಲಿ ನಾರ್ಮನ್. ದಪ್ಪ ಗೋಡೆ, ಡೊಳ್ಳು ಕಂಬ, ಸಣ್ಣ ಕಿಟಕಿ, ಅರ್ಧ ವೃತ್ತದ ಕಮಾನು. ಬಾಗಿಲ ಸುತ್ತ ಅಂಕುಡೊಂಕು ಗೆರೆಯ ಕೆತ್ತನೆ. ಹಿಯರ್‌ಫರ್ಡ್‌ಶೈರ್‌ನ ಕಿಲ್ಪೆಕ್ ಚರ್ಚು ಸುಮಾರು 1140ರದು. ಅದರ ಸೂರಿನ ಕೆಳಗೆ ಸುತ್ತಲೂ ನಾಯಿ, ಮೊಲ, ವಿಚಿತ್ರ ಮುಖಗಳ ಸಾಲೇ ಇದೆ. ಒಂದೆರಡು ಕೆತ್ತನೆ ಮಕ್ಕಳಿಗೆ ವಿವರಿಸುವಂಥದ್ದಲ್ಲ, ಅಷ್ಟೇ ಹೇಳಬಲ್ಲೆ.

1190ರ ಆಸುಪಾಸಿನಲ್ಲಿ ಚೂಪು ಕಮಾನು ಬಂತು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ನೋಡುತ್ತೀರಲ್ಲ, ಆ ಬಗೆಯದು. ಚೂಪು ಮಾಡಿದ್ದು ಬರೀ ಅಂದಕ್ಕಲ್ಲ. ಅರ್ಧ ವೃತ್ತದ ಕಮಾನು ಹತ್ತು ಅಡಿ ಅಗಲವಿದ್ದರೆ ಅದರ ಎತ್ತರ ಐದು ಅಡಿಯೇ, ಬೇರೆ ದಾರಿಯಿಲ್ಲ. ಚೂಪು ಕಮಾನಿನಲ್ಲಿ ಅಗಲ ಅಷ್ಟೇ ಇಟ್ಟು ಎತ್ತರವನ್ನು ಬೇಕಾದಂತೆ ಮಾಡಿಕೊಳ್ಳಬಹುದು. ಜೊತೆಗೆ ಅದು ಭಾರವನ್ನು ಪಕ್ಕಕ್ಕೆ ನೂಕುವುದು ಕಡಿಮೆ, ಕೆಳಗೆ ಇಳಿಸುವುದು ಜಾಸ್ತಿ. ಉಳಿದ ನೂಕನ್ನು ತಡೆಯಲು ಗೋಡೆಗೆ ಹೊರಗಿನಿಂದ ಆನಿಸಿ ಕಲ್ಲಿನ ಕಟ್ಟೆ ಕಟ್ಟಿದರು, ಅದು ಬಟ್ರೆಸ್. ಬಟ್ರೆಸ್ ಇದ್ದ ಮೇಲೆ ನಡುವಿನ ಗೋಡೆ ತೆಳ್ಳಗಾದರೂ ನಡೆಯುತ್ತದೆ. ತೆಳ್ಳನೆಯ ಗೋಡೆಯಲ್ಲಿ ದೊಡ್ಡ ಕಿಟಕಿ ತೆರೆಯಬಹುದು. ಮುಂದಿನ ಮುನ್ನೂರು ವರ್ಷದ ಕಥೆಯೆಲ್ಲ ಕಿಟಕಿ ದೊಡ್ಡದಾಗುತ್ತ ಹೋದ ಕಥೆ.

ಮೊದಲು ಈಟಿಯಂತೆ ಕಿರಿದಾದ, ಉದ್ದನೆಯ ಲ್ಯಾನ್ಸೆಟ್ ಕಿಟಕಿ. ಇದು ಅರ್ಲಿ ಇಂಗ್ಲಿಷ್ ಕಾಲ. 1290ರ ನಂತರ ಕಿಟಕಿಯ ತಲೆಯಲ್ಲಿ ಕಲ್ಲಿನ ಬಳ್ಳಿ ಹೆಣೆದಂಥ ಕೆತ್ತನೆ. ಈ ಹೆಣಿಗೆಗೆ ಟ್ರೇಸರಿ ಎನ್ನುತ್ತಾರೆ, ಶೈಲಿಗೆ ಡೆಕೊರೇಟೆಡ್. ಕೊನೆಯದು ಪರ್ಪೆಂಡಿಕ್ಯುಲರ್. ಇದರಲ್ಲಿ ಕಿಟಕಿಯ ಕಲ್ಲಿನ ಕಂಬಿಗಳು ಬಳುಕದೆ ನೇರ ಮೇಲಕ್ಕೆ ಹೋಗುತ್ತವೆ. ಗೋಡೆಯಲ್ಲಿ ಕಲ್ಲಿಗಿಂತ ಗಾಜೇ ಜಾಸ್ತಿ. 1348-49ರ ಪ್ಲೇಗ್‌ನಲ್ಲಿ ಇಂಗ್ಲೆಂಡಿನ ಮೂರನೇ ಒಂದರಿಂದ ಅರ್ಧದಷ್ಟು ಜನ ಸತ್ತರು. ಕುಶಲ ಕಲ್ಲುಕುಟಿಗರು ಉಳಿಯಲಿಲ್ಲ, ಅದಕ್ಕೇ ಸರಳ ಗೆರೆಯ ಈ ಶೈಲಿ ಹುಟ್ಟಿತು ಎಂದು ಹೇಳುವುದುಂಟು. ಆದರೆ ಗ್ಲೌಸ್ಟರ್‌ನಲ್ಲಿ 1330ರ ದಶಕದಲ್ಲೇ ಇದು ಶುರುವಾಗಿತ್ತು. ಹರಡಲು ಪ್ಲೇಗ್ ನಂತರದ ಪರಿಸ್ಥಿತಿ ನೆರವಾಗಿರಬಹುದು, ಹುಟ್ಟಿಸಿದ್ದಂತೂ ಅಲ್ಲ.

ಒಂದು ಎಚ್ಚರ. ಕಿಟಕಿ ನೋಡಿ ಚರ್ಚಿನ ಕಾಲ ಹೇಳಬೇಡಿ, ಕಿಟಕಿಯ ಕಾಲವನ್ನಷ್ಟೇ ಹೇಳಿ. ನಾರ್ಮನ್ ಗೋಡೆಯಲ್ಲಿ 15ನೇ ಶತಮಾನದ ಕಿಟಕಿ ತೂರಿಸಿರುವುದು ತೀರಾ ಮಾಮೂಲು.

ಬಣ್ಣ ಹೋಗಿ ಸುಣ್ಣ ಬಂತು

ಈಗ ಒಳಗೆ ಕಾಣುವ ಬೋಳು ಗೋಡೆ ಮಧ್ಯಯುಗದವರಿಗೆ ಗುರುತೇ ಸಿಗುತ್ತಿರಲಿಲ್ಲ. ಆಗ ಗೋಡೆಗೆಲ್ಲ ಗಾರೆ, ಗಾರೆಯ ಮೇಲೆ ಕೆಂಪು ಹಳದಿ ಚಿತ್ರಗಳು. ಓದು ಬಾರದವರಿಗೆ ಸಂತರ ಕಥೆ, ಪಾಪದ ಫಲ. ಚಾನ್ಸೆಲ್ ಕಮಾನಿನ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ, ಕೊನೆಯ ತೀರ್ಪಿನ ದೃಶ್ಯ. ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ಬಾಯ್ತೆರೆದ ನರಕ.

1547ರಲ್ಲಿ ಪಟ್ಟಕ್ಕೆ ಬಂದ ಬಾಲರಾಜ ಆರನೇ ಎಡ್ವರ್ಡನದು ಮೂರ್ತಿ, ಚಿತ್ರ ಒಪ್ಪದ ಪ್ರೊಟೆಸ್ಟಂಟ್ ಸರ್ಕಾರ. ಅದು ಮೂರ್ತಿಗಳನ್ನು ತೆಗೆಸಿತು, ಚಿತ್ರಗಳಿಗೆ ಸುಣ್ಣ ಬಳಿಸಿತು. ಅವನ ನಂತರ ಬಂದ ಕ್ಯಾಥೊಲಿಕ್ ಮೇರಿ ರಾಣಿ ಎಲ್ಲವನ್ನೂ ವಾಪಸ್ ಇಡಿಸಿದಳು. ಆಮೇಲೆ ಬಂದ ಪ್ರೊಟೆಸ್ಟಂಟ್ ರಾಣಿ ಎಲಿಜಬೆತ್ ಮತ್ತೆ ತೆಗೆಸಿದಳು. ಇಪ್ಪತ್ತೇ ವರ್ಷದೊಳಗೆ ಇಷ್ಟೆಲ್ಲ ಆಯಿತು, ಪ್ರತಿ ಸಲವೂ ಖರ್ಚು ಊರಿನವರದೇ! 1561ರ ಆದೇಶ ರೂಡ್ ಸ್ಕ್ರೀನಿನ ಅಟ್ಟವನ್ನು ಕೀಳಿಸಿತು, ಆದರೆ ಕೆಳಗಿನ ತಡೆಯನ್ನು ಉಳಿಸಲು ಹೇಳಿತು. ಅದಕ್ಕೇ ಇಂದು ತಡೆ ಉಂಟು, ಅಟ್ಟವಿಲ್ಲ.

ಸಫೋಕ್‌ನ ವೆನ್‌ಹಾಸ್ಟನ್ ಹಳ್ಳಿಯಲ್ಲಿ ನಡೆದದ್ದು ಕೇಳಿ. 1892ರಲ್ಲಿ ಚರ್ಚಿನ ದುರಸ್ತಿ ನಡೆಯುತ್ತಿತ್ತು. ಚಾನ್ಸೆಲ್ ಕಮಾನನ್ನು ಮುಚ್ಚಿದ್ದ ಸುಣ್ಣ ಬಳಿದ ಹಳೇ ಹಲಗೆಗಳನ್ನು ಕೆಲಸದವರು ಕಿತ್ತು ಹೊರಗೆ ಬಿಸಾಕಿದರು. ಮಳೆ ಬಂತು. ಸುಣ್ಣ ತೊಳೆದುಹೋಯಿತು. ಹಲಗೆಯ ಮೇಲೆ ಸುಮಾರು ನಾನೂರು ವರ್ಷ ಹಿಂದಿನ ಕೊನೆಯ ತೀರ್ಪಿನ ಚಿತ್ರ ಎದ್ದು ಬಂತು! ತಕ್ಕಡಿ ಹಿಡಿದು ಆತ್ಮ ತೂಗುವ ದೇವದೂತ, ಸರಪಳಿ ಬಿಗಿದು ಪಾಪಿಗಳನ್ನು ಎಳೆಯುವ ದೆವ್ವಗಳು. ಚಿತ್ರದ ನಡುವೆ ಬಣ್ಣವೇ ಇಲ್ಲದ ಮೂರು ಖಾಲಿ ಜಾಗಗಳಿವೆ. ದೊಡ್ಡ ಶಿಲುಬೆ, ಮೇರಿ, ಯೋವಾನ್ನರ ಮರದ ಮೂರ್ತಿಗಳು ಹಲಗೆಗೆ ಆತು ನಿಂತಿದ್ದ ಜಾಗ ಅದು. ಮೂರ್ತಿಗಳು ಹೋಗಿವೆ, ಅವುಗಳ ಆಕಾರ ಮಾತ್ರ ಉಳಿದಿದೆ. ಹಲಗೆಗಳು ಈಗಲೂ ಅದೇ ಚರ್ಚಿನಲ್ಲಿವೆ.

ಬಣ್ಣದ ಗಾಜಿಗೆ ಇಂಥ ಅದೃಷ್ಟ ಸಿಕ್ಕಿದ್ದು ಕಡಿಮೆ. ಗ್ಲೌಸ್ಟರ್‌ಶೈರ್‌ನ ಫೇರ್‌ಫರ್ಡ್ ಒಂದೇ ಎನ್ನಬೇಕು. ಜಾನ್ ಟೇಮ್ ಎಂಬ ಉಣ್ಣೆ ವ್ಯಾಪಾರಿ 1490ರ ದಶಕದಲ್ಲಿ ಹೊಸದಾಗಿ ಕಟ್ಟಿಸಿದ ಆ ಚರ್ಚಿನ 28 ಕಿಟಕಿಗಳ ಗಾಜೂ ಹೆಚ್ಚುಕಡಿಮೆ ಪೂರ್ತಿ ಉಳಿದಿದೆ.

ಬಾಗಿಲು ಮತ್ತು ತೊಟ್ಟಿ

ಊರಿನವರ ಬಾಗಿಲು ಹೆಚ್ಚಾಗಿ ದಕ್ಷಿಣಕ್ಕೆ. ಅದರ ಮುಂದೆ ಚಾವಣಿಯಿರುವ ಪೋರ್ಚ್. ಮದುವೆಯ ಮುಖ್ಯ ಭಾಗ ನಡೆಯುತ್ತಿದ್ದದ್ದು ಈ ಬಾಗಿಲಲ್ಲೇ, ಆಮೇಲೆ ಒಳಗೆ ಪೂಜೆ. ಊರಿನ ಕರಾರು, ಮಾತುಕತೆಗೂ ಇದೇ ಜಾಗ. ಅಲ್ಲೇ ಗೋಡೆಯ ಮೇಲೆ ಬೀಸಣಿಗೆಯಂತೆ ಗೀರಿದ ಗೆರೆಗಳು, ನಡುವೆ ಒಂದು ತೂತು ಕಂಡರೆ ಅದು ಪೂಜೆಯ ಹೊತ್ತು ತಿಳಿಯಲು ಮಾಡಿದ ನೆರಳು ಗಡಿಯಾರ.

ಒಳಗೆ ಬಂದ ಕೂಡಲೇ ಕಲ್ಲಿನ ತೊಟ್ಟಿ, ಅದು ಫಾಂಟ್. ಜ್ಞಾನಸ್ನಾನವೆಂದರೆ ಸಭೆಯೊಳಕ್ಕೆ ಪ್ರವೇಶ, ಹಾಗಾಗಿ ತೊಟ್ಟಿ ಬಾಗಿಲ ಬಳಿ. ಅದರ ಅಂಚಿನಲ್ಲಿ ಮುರಿದ ಚಿಲಕದ ಗುರುತಿದೆಯಾ ನೋಡಿ. ಮಂತ್ರಮಾಟಕ್ಕೆಂದು ಪವಿತ್ರ ನೀರು ಕದಿಯುವವರಿದ್ದರು. 1236ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಜಡಿಯಲು ಹೇಳಿದ.

ಕೂರಲು ಬೆಂಚು ಬಂದದ್ದು ತಡವಾಗಿ, ಮುಖ್ಯವಾಗಿ 15ನೇ ಶತಮಾನದಲ್ಲಿ. ಅಲ್ಲಿಯವರೆಗೆ ನಿಲ್ಲುವುದು, ಮೊಣಕಾಲೂರುವುದು. ಕೈಲಾಗದವರಿಗೆ ಗೋಡೆ ಬುಡದ ಕಲ್ಲಿನ ಕಟ್ಟೆ.

ಚಾವಣಿ, ಗೋಪುರ

ಹಳ್ಳಿ ಚರ್ಚಿಗೆ ಕಲ್ಲಿನ ಚಾವಣಿ ಅಪರೂಪ, ಮರದ್ದೇ ಹೆಚ್ಚು. ಸಫೋಕ್‌ನ ಬ್ಲೈತ್‌ಬರ್ಗ್‌ನಲ್ಲಿ ತೊಲೆಗಳ ನಡುವೆ ರೆಕ್ಕೆ ಬಿಚ್ಚಿದ ಮರದ ದೇವದೂತರಿದ್ದಾರೆ. ಅವುಗಳ ಮೈಯಲ್ಲಿ ಬಂದೂಕಿನ ಗುಂಡುಗಳು ಸಿಕ್ಕವು. 1644ರಲ್ಲಿ ಚರ್ಚುಗಳ ಚಿತ್ರ, ಮೂರ್ತಿ ಒಡೆಸಲು ಬಂದಿದ್ದ ವಿಲಿಯಂ ಡೌಸಿಂಗ್‌ನ ಕಡೆಯವರೇ ಹೊಡೆದರು ಎಂದು ಬಹಳ ಕಾಲ ಹೇಳುತ್ತಿದ್ದರು. ಆದರೆ ಚರ್ಚಿನ 18ನೇ ಶತಮಾನದ ಲೆಕ್ಕಪುಸ್ತಕದಲ್ಲಿ ಚಾವಣಿಯಲ್ಲಿ ಸೇರಿಕೊಂಡಿದ್ದ ಕಾಗೆ ಜಾತಿಯ ಹಕ್ಕಿಗಳನ್ನು ಹೊಡೆಯಲು ಮದ್ದುಗುಂಡಿಗೆ ದುಡ್ಡು ಕೊಟ್ಟ ದಾಖಲೆ ಇದೆ. ಡೌಸಿಂಗ್ ಒಡೆಸಿದ್ದು ಬೇಕಾದಷ್ಟಿದೆ, ಇದೊಂದು ಅವನ ತಲೆಗೆ ಕಟ್ಟುವುದು ಬೇಡ.

ಗೋಪುರ ಸಾಮಾನ್ಯವಾಗಿ ಪಶ್ಚಿಮದ ತುದಿಗೆ, ಗಂಟೆಗಾಗಿ. ಅದೂ ಊರಿನವರ ಖರ್ಚೇ. ಹಾಗಾಗಿ ಪಕ್ಕದೂರಿಗಿಂತ ಎತ್ತರ ಇರಬೇಕೆಂಬ ಹಟವೂ ಸೇರುತ್ತಿತ್ತು. ಡರ್ಬಿಶೈರ್‌ನ ಚೆಸ್ಟರ್‌ಫೀಲ್ಡ್ ಚರ್ಚಿನ ಶಿಖರ 228 ಅಡಿ ಎತ್ತರ. 14ನೇ ಶತಮಾನದ ಈ ಶಿಖರ 45 ಡಿಗ್ರಿ ತಿರುಚಿಕೊಂಡು, ಒಂಬತ್ತೂವರೆ ಅಡಿ ಪಕ್ಕಕ್ಕೆ ವಾಲಿದೆ. ದೆವ್ವ ಒದ್ದದ್ದು ಎಂದು ಊರಲ್ಲಿ ಕಥೆಯಿದೆ. ಎಂಜಿನಿಯರುಗಳು ಹೇಳುವುದು ಬೇರೆ: ಒಣಗದ ಹಸಿ ಮರ, ಅಡ್ಡ ಬಿಗಿತ ಸಾಲದ ಚೌಕಟ್ಟು, ಅದರ ಮೇಲೆ ಸೀಸದ ತಗಡಿನ ಭಾರ.

ಈಗ ನೋಡುವುದರಲ್ಲಿ ಹಳೆಯದು ಎಷ್ಟು?

ಅಂದುಕೊಂಡದ್ದಕ್ಕಿಂತ ಕಡಿಮೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬಹುಪಾಲು ಚರ್ಚುಗಳನ್ನು ‘ಸರಿಮಾಡಿದರು’. ಗಾರೆ ಕೆರೆದು ಕಲ್ಲು ತೋರಿಸಿದರು, ನೆಲಕ್ಕೆ ಹೊಳೆಯುವ ಹಂಚು ಹಾಕಿದರು, ನೂರಾರು ಕಿಟಕಿಗಳನ್ನು ತಮಗೆ ಇಷ್ಟವಾದ ಶತಮಾನದ ಶೈಲಿಗೆ ಬದಲಾಯಿಸಿದರು. ಇದನ್ನು ಕಂಡು ಸಿಟ್ಟಾದ ಕವಿ, ವಿನ್ಯಾಸಗಾರ ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ. ಹಳೆಯದನ್ನು ಹೊಸದಾಗಿಸಬೇಡಿ, ಸೋರದಂತೆ ಕಾಪಾಡಿ ಸಾಕು ಎಂಬುದು ಅದರ ವಾದ. ಅದೇ ವಿಕ್ಟೋರಿಯನ್ ಒಲವು ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ರಿಚ್‌ಮಂಡ್ ಟೌನಿನ ಆಲ್ ಸೇಂಟ್ಸ್ ಚರ್ಚು 1870ರದು, ಮದರಾಸಿನಲ್ಲಿ ಹೆಸರು ಮಾಡಿದ ರಾಬರ್ಟ್ ಚಿಶೋಮ್‌ನ ವಿನ್ಯಾಸ. ಇಂಗ್ಲೆಂಡಿನ ಹಳ್ಳಿ ಚರ್ಚಿನ ರೂಪವನ್ನೇ ಅಲ್ಲಿ ಕಾಣಬಹುದು.

ಚರ್ಚ್ ಆಫ್ ಇಂಗ್ಲೆಂಡ್ ಬಳಿ ಈಗ ಸುಮಾರು 16,000 ಚರ್ಚುಗಳಿವೆ. ಅದರಲ್ಲಿ 12,000ಕ್ಕೂ ಹೆಚ್ಚು ಕಾನೂನಿನ ರಕ್ಷಣೆಯಿರುವ ಕಟ್ಟಡಗಳು. ಭಾನುವಾರ ಬರುವವರು ಬೆರಳೆಣಿಕೆಯಾದರೂ ಸೀಸದ ಚಾವಣಿಯ ರಿಪೇರಿ ಬಿಲ್ಲು ಲಕ್ಷಗಟ್ಟಲೆ ಪೌಂಡ್ ದಾಟುತ್ತದೆ. ರಿಪೇರಿಯ ಮೇಲಿನ ತೆರಿಗೆಯನ್ನು ಸರ್ಕಾರ ಮರಳಿಸುವ ಯೋಜನೆಯೊಂದಿತ್ತು. 2025ರಲ್ಲಿ ಅದಕ್ಕೆ ಒಂದು ಚರ್ಚಿಗೆ ವರ್ಷಕ್ಕೆ 25,000 ಪೌಂಡಿನ ಮಿತಿ ಹಾಕಿದಾಗ ದೊಡ್ಡ ಕೆಲಸ ಶುರುಮಾಡಿದ್ದವರು ಕಂಗಾಲಾದರು. ಪೂಜೆ ನಿಂತುಹೋದ 350ಕ್ಕೂ ಹೆಚ್ಚು ಚರ್ಚುಗಳನ್ನು 1969ರಲ್ಲಿ ಶುರುವಾದ ಚರ್ಚಸ್ ಕನ್ಸರ್ವೇಷನ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಇವುಗಳಲ್ಲಿ ಕೆಲವನ್ನು ರಾತ್ರಿ ಮಲಗಲು ಬಾಡಿಗೆಗೂ ಕೊಡುತ್ತಾರೆ. ಮಡಿಸುವ ಮಂಚ ಹಾಕಿಕೊಡುತ್ತಾರೆ, ಬಿಸಿ ಮಾಡುವ ವ್ಯವಸ್ಥೆ ನೆಚ್ಚಿಕೊಳ್ಳುವಂತಿಲ್ಲ. ಹೋಗುವವರು ಸ್ವೆಟರ್ ಇಟ್ಟುಕೊಂಡೇ ಹೋಗಿ.